ಬ್ಲ್ಯಾಕ್ ಮೋಲಿ ಮರಿಗಳು: ಡಬ್ಬ ಕಟ್ಟಿದ್ದು, ಸಾಗಿಸಿದ್ದು, ಬೆಳೆಸಿದ್ದು

ಬ್ಲ್ಯಾಕ್ ಮೋಲಿ ಅಂದರೆ ಅಕ್ವೇರಿಯಂನಲ್ಲಿ ಸಾಕುವ ಕಪ್ಪು ಮೀನು. ಅದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಮರಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದ ಇರುತ್ತದೆ. ಕಣ್ಣು, ಬಾಯಿ, ರೆಕ್ಕೆ ಎಲ್ಲ ತಯಾರಾಗಿಯೇ ಬಂದಿರುತ್ತದೆ. ಹುಟ್ಟಿದ ಸ್ವಲ್ಪ ಹೊತ್ತಿಗೇ ಈಜುತ್ತದೆ, ಅವತ್ತೇ ತಿನ್ನುತ್ತದೆ. ಅದಕ್ಕೇ ಹೊಸಬರಿಗೆ ಮೊದಲು ಮೋಲಿ ಸಾಕಿ ಅಂತ ಎಲ್ಲರೂ ಹೇಳುತ್ತಾರೆ. ಮರಿ ಹಾಕಿಸುವುದು ಸುಲಭ, ಸುಳ್ಳಲ್ಲ. ಉಳಿಸಿಕೊಳ್ಳುವುದರಲ್ಲಿ ಕಷ್ಟ ಇದೆ. ದೊಡ್ಡ ಟ್ಯಾಂಕಿನಲ್ಲೇ ಬಿಟ್ಟರೆ ತಾಯಿಯೇ ತಿಂದುಬಿಡುತ್ತದೆ. ತಾಯಿ ಬಿಟ್ಟಿದ್ದನ್ನು ಬೇರೆ ಮೀನು ತಿನ್ನುತ್ತದೆ, ಇಲ್ಲವೇ ಫಿಲ್ಟರ್ ಎಳೆದುಕೊಳ್ಳುತ್ತದೆ. ಬೇರೆ ಡಬ್ಬಕ್ಕೆ ಹಾಕಿದರೆ ಮೂರು ನಾಲ್ಕು ದಿನ ಚೆನ್ನಾಗಿದ್ದು, ಆಮೇಲೆ ಒಂದೊಂದೇ ತಳ ಹಿಡಿಯುತ್ತವೆ. ಊಟ ಸಾಲಲಿಲ್ಲವೇನೋ ಅಂತ ಜನ ಇನ್ನಷ್ಟು ಹಾಕುತ್ತಾರೆ. ಆಗ ಉಳಿದವೂ ಹೋಗುತ್ತವೆ.

ಡಬ್ಬದಲ್ಲಿ ಮರಿ ಸಾಯುವುದಕ್ಕೆ ಹೆಚ್ಚಿನ ಸಲ ನೀರೇ ಕಾರಣ. ಮೀನಿನ ಹಿಕ್ಕೆ, ಉಳಿದ ತಿಂಡಿಯಿಂದ ನೀರಿನಲ್ಲಿ ಅಮೋನಿಯಾ ಎಂಬ ವಿಷ ಸೇರುತ್ತದೆ. ಹೊಸ ಡಬ್ಬ, ಹೊಸ ನೀರು, ಹೊಸ ಫಿಲ್ಟರ್ ಅಂದರೆ ಅಲ್ಲಿ ಆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದೇ ಇಲ್ಲ ಅನ್ನಬಹುದು. ಹಾಗಾಗಿ ಈ ಸಲ ನಾನು ಕೆಲಸ ಶುರುಮಾಡಿದ್ದು ಆ ಬ್ಯಾಕ್ಟೀರಿಯಾ ಮನೆ ಮಾಡುವ ಸ್ಪಾಂಜ್‌ನಿಂದ, ಅದೂ ತಾಯಿಯ ಹೊಟ್ಟೆ ಇನ್ನೂ ಉಬ್ಬುವ ಮೊದಲೇ.

ಸ್ಪಾಂಜ್ ಫಿಲ್ಟರ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೂ ಅಲ್ಲ. ಆದರೂ ಮನೆಯಲ್ಲಿ ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡು ಬಿದ್ದಿತ್ತು, ಅದರಲ್ಲೇ ಮಾಡಿದೆ. ಒಂದು ಗೇಣು ಉದ್ದ ಕತ್ತರಿಸಿ, ಕೆಳಗಿನ ನಾಲ್ಕು ಬೆರಳಷ್ಟು ಭಾಗಕ್ಕೆ ಕಾಯಿಸಿದ ಮೊಳೆಯಿಂದ ಸುತ್ತಲೂ ತೂತು ಕೊರೆದೆ. ಕರಗಿದ ಪ್ಲಾಸ್ಟಿಕ್ ತೂತಿನ ಒಳಗೆ ಮುಳ್ಳಿನಂತೆ ನಿಲ್ಲುತ್ತದೆ, ಅದನ್ನು ಬ್ಲೇಡಿನಿಂದ ಹೆರೆದು ತೆಗೆಯಬೇಕು. ಕೆಳಬಾಯಿಗೆ ಒಂದು ಕ್ಯಾಪ್. ತೂತಿರುವ ಭಾಗಕ್ಕೆ ಅಕ್ವೇರಿಯಂ ಸ್ಪಾಂಜ್ ಬಿಗಿಯಾಗಿ ಕೂರಿಸಿದೆ. ಪಾತ್ರೆ ತೊಳೆಯುವ ಸ್ಪಾಂಜ್ ಬೇಡ. ಕೆಲವಕ್ಕೆ ಕ್ರಿಮಿ ಕೊಲ್ಲುವ ಔಷಧ ಹಾಕಿರುತ್ತಾರೆ, ನಮಗೆ ಬೇಕಾಗಿರುವುದೇ ಆ ಕ್ರಿಮಿಗಳು. ಪೈಪಿನ ಮೇಲಿನ ಬಾಯಿಂದ ಏರ್ ಪಂಪಿನ ಸಣ್ಣ ಏರ್ ಪೈಪ್ ಇಳಿಸಿ ತಳದ ಹತ್ತಿರಕ್ಕೆ ತಂದರೆ ಮುಗಿಯಿತು. ಗಾಳಿಗುಳ್ಳೆ ಮೇಲೇಳುವಾಗ ಪೈಪಿನೊಳಗಿನ ನೀರನ್ನೂ ಜೊತೆಗೆ ಎತ್ತುತ್ತದೆ. ಆ ಜಾಗ ತುಂಬಲು ಹೊರಗಿನ ನೀರು ಸ್ಪಾಂಜ್ ಮೂಲಕ ಒಳಗೆ ಬರುತ್ತದೆ. ಮೋಟರ್ ಇಲ್ಲ, ರೆಕ್ಕೆ ಇಲ್ಲ, ಮರಿ ಸಿಕ್ಕಿಹಾಕಿಕೊಳ್ಳುವ ಸಂದು ಇಲ್ಲ. ಎಷ್ಟು ದುಬಾರಿ ಫಿಲ್ಟರ್ ಕೊಟ್ಟರೂ ಮರಿಗಳ ಡಬ್ಬಕ್ಕೆ ನಾನು ಇದನ್ನೇ ಹಾಕುವುದು.

ಕೈಯಲ್ಲಿ ಮಾಡಿದ್ದೋ ಅಂಗಡಿಯದೋ, ಅದು ಮುಖ್ಯ ಅಲ್ಲ. ಅದು ದೊಡ್ಡ ಟ್ಯಾಂಕಿನಲ್ಲಿ ಮೂರು ನಾಲ್ಕು ವಾರ ಓಡಿರಬೇಕು. ಅಷ್ಟರಲ್ಲಿ ಸ್ಪಾಂಜ್ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಲೋಳೆ ಲೋಳೆ ಆಗುತ್ತದೆ. ಆ ಲೋಳೆಯಲ್ಲೇ ಬ್ಯಾಕ್ಟೀರಿಯಾ ಮನೆ ಮಾಡಿರುವುದು. ಒಂದು ಬಗೆಯದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟೇನೂ ಅಪಾಯ ಅಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಈ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಕ್ಲೋರಿನ್ ತಗುಲಿ ಇಡೀ ತಿಂಗಳ ಕೆಲಸ ಒಂದೇ ನಿಮಿಷದಲ್ಲಿ ಹಾಳಾಗುತ್ತದೆ. ತೊಳೆಯಲೇಬೇಕೆಂದರೆ ಟ್ಯಾಂಕಿನಿಂದ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು.

ನೀರಿನ ವಿಷಯ ಬಂತು, ಬೆಂಗಳೂರಿನ ನೀರಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮನೆಯ ಸಂಪ್‌ಗೆ (ನೆಲದಡಿಯ ನೀರಿನ ತೊಟ್ಟಿಗೆ) ಎರಡು ಕಡೆಯಿಂದ ನೀರು ಬರುತ್ತದೆ. ಒಂದು ಕಾವೇರಿ ನೀರು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡುವುದು. ಅದರಲ್ಲಿ ಕ್ಲೋರಿನ್ ಇರುತ್ತದೆ. ಇನ್ನೊಂದು ಬೋರ್‌ವೆಲ್ ನೀರು. ಅದು ಗಡಸು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಬಿಡುವಂಥದ್ದು. ಬೇರೆ ಎಷ್ಟೋ ಮೀನು ಸಾಕುವವರು ಬೋರ್ ನೀರನ್ನು ಬೈದುಕೊಳ್ಳುತ್ತಾರೆ. ಮೋಲಿಗೆ ಮಾತ್ರ ಅದೇ ಸರಿ. ಮೆಕ್ಸಿಕೊ, ಮಧ್ಯ ಅಮೆರಿಕ ಕಡೆಯ ಮೀನು ಇದು. ಗಡಸು ನೀರು, ಸ್ವಲ್ಪ ಉಪ್ಪು ನೀರು ಎರಡಕ್ಕೂ ಒಗ್ಗಿಕೊಂಡದ್ದು. ತೀರಾ ಮೆದು ನೀರಿನಲ್ಲಿಟ್ಟರೆ ನಿಂತಲ್ಲೇ ಮೈ ಓಲಾಡಿಸುತ್ತಾ ಮುಂದೆ ಹೋಗಲಾಗದೆ ಒದ್ದಾಡುತ್ತದೆ. ಆರ್‌ಒ ನೀರು ಒಳ್ಳೆಯದು ಅಂತ ಮೋಲಿಗೆ ಹಾಕುವವರಿದ್ದಾರೆ, ದಯವಿಟ್ಟು ಬೇಡ.

ಆದರೆ ಈ ಗಡಸು ನೀರಿನಲ್ಲೇ ಒಂದು ಕಂಟಕ ಇದೆ. ಅದರ ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅಂತ ತೋರಿಸುವ ಅಳತೆ, ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ನೀರಿನಲ್ಲಿರುವ ಅಮೋನಿಯಾ ಎರಡು ರೂಪದಲ್ಲಿ ಇರುತ್ತದೆ, ಅದರಲ್ಲಿ ಒಂದೇ ಹೆಚ್ಚು ವಿಷ. 25 ಡಿಗ್ರಿ ಶಾಖದ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಅದೇ ಪಿಎಚ್ 8 ಆದರೆ ನೂರಕ್ಕೆ ಐದು ದಾಟುತ್ತದೆ. ಟೆಸ್ಟ್ ಕಿಟ್ ಎರಡೂ ಕಡೆ ಒಂದೇ ಬಣ್ಣ ತೋರಿಸಬಹುದು, ಮರಿಗೆ ತಟ್ಟುವುದು ಸುಮಾರು ಹತ್ತು ಪಟ್ಟು ವ್ಯತ್ಯಾಸ. ತಾಯಿಗೆ ಹಿತವಾದ ನೀರೇ ಹೊಸ ಡಬ್ಬದಲ್ಲಿ ಮರಿಗೆ ಮುಳುವಾಗುವುದು ಹೀಗೆ. ಹಳೆ ಸ್ಪಾಂಜ್ ಬೇಕು ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವೂ ಇದೇ.

ಡಬ್ಬ ಅಂದರೆ ಬಟ್ಟೆ, ಆಟದ ಸಾಮಾನು ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಬಾಕ್ಸ್. 30 ಲೀಟರಿನದು. ಪೂರ್ತಿ ತುಂಬಿಸಿದರೆ ಪಕ್ಕದ ಗೋಡೆ ಉಬ್ಬುತ್ತದೆ, ಅದಕ್ಕೆ ಮೂರರಲ್ಲಿ ಎರಡು ಪಾಲು ಮಾತ್ರ ನೀರು. ಕೆಳಗೆ ಥರ್ಮಾಕೋಲ್ ಹಾಳೆ. ತಳಕ್ಕೆ ಮರಳು, ಕಲ್ಲು ಏನೂ ಇಲ್ಲ. ಬರಿ ತಳ ನೋಡಲು ಚೆನ್ನಾಗಿರುವುದಿಲ್ಲ, ಆದರೆ ಉಳಿದ ತಿಂಡಿ, ಹಿಕ್ಕೆ ಎಲ್ಲ ಕಣ್ಣಿಗೆ ಬೀಳುತ್ತದೆ. ಕಂಡದ್ದನ್ನು ತೆಗೆಯಬಹುದು. ಒಂದು ಹಿಡಿ ಜಾವಾ ಮಾಸ್, ಎರಡು ಎಳೆ ಹಾರ್ನ್‌ವರ್ಟ್ ಹಾಕಿದೆ, ಎರಡೂ ನೀರಿನ ಗಿಡಗಳು. ಮರಿ ಅಡಗುವುದಕ್ಕೂ ಆಯಿತು, ಮಾಸ್ ಮೇಲೆ ಬೆಳೆಯುವ ಪಾಚಿಯನ್ನು ಮರಿಗಳು ಇಡೀ ದಿನ ಕೆರೆಯುತ್ತಾ ಇರುವುದಕ್ಕೂ ಆಯಿತು. ಮೋಲಿಗೆ ಪಾಚಿ ಅಂದರೆ ಪ್ರಾಣ. ಗಿಡವನ್ನು ದೊಡ್ಡ ಟ್ಯಾಂಕಿನಿಂದಲೇ ತೆಗೆದುಕೊಳ್ಳಿ. ಕೆರೆ ಗಿಡ, ಅಂಗಡಿಯ ಹೊಸ ಗಿಡ ತಂದರೆ ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿ ಬರಬಹುದು. ನೀರಿನಲ್ಲಿ ಬೆಳೆಯುವ ಆ ಮರಿ ಮೀನುಮರಿಗಳನ್ನು ಹಿಡಿದು ತಿನ್ನುತ್ತದೆ.

ಹೀಟರ್ 50 ವ್ಯಾಟ್‌ನದು, 26 ಡಿಗ್ರಿಗೆ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಹೊರಗೆ 15-16 ಡಿಗ್ರಿಗೆ ಇಳಿದಾಗ ಇಷ್ಟು ಚಿಕ್ಕ ಡಬ್ಬ ಬೇಗ ತಣ್ಣಗಾಗುತ್ತದೆ. ಏರ್ ಪಂಪನ್ನು ಡಬ್ಬದ ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಏರ್ ಪೈಪಿನ ಮೂಲಕ ಹಿಂದಕ್ಕೆ ಇಳಿದು ಪಂಪ್ ಸೇರುತ್ತದೆ. ಮೇಲೆ ಜಾಗ ಇಲ್ಲದಿದ್ದರೆ ನಡುವೆ ನೀರು ಹಿಂದಕ್ಕೆ ಬರದಂತೆ ತಡೆಯುವ ಒಂದು ಚೆಕ್ ವಾಲ್ವ್ ಹಾಕಿ.

ಇನ್ನು ತಾಯಿ. ಗಪ್ಪಿ, ಪ್ಲಾಟಿಗಳಲ್ಲಿ ಹಿಂದಿನ ರೆಕ್ಕೆಯ ಹತ್ತಿರ ಕಪ್ಪು ಮಚ್ಚೆ ಗಾಢವಾಗುವುದನ್ನು ನೋಡಿ ದಿನ ಹತ್ತಿರ ಬಂತು ಅಂತ ಗೊತ್ತುಮಾಡಿಕೊಳ್ಳಬಹುದು. ಬ್ಲ್ಯಾಕ್ ಮೋಲಿಯಲ್ಲಿ ಮೈಯೇ ಕಪ್ಪು, ಮಚ್ಚೆ ಎಲ್ಲಿ ಕಾಣಬೇಕು? ಆಕಾರವನ್ನೇ ನೋಡಬೇಕು. ಮೊದಲು ಗುಂಡಗಿದ್ದ ಹೊಟ್ಟೆ ಕೊನೆಕೊನೆಗೆ ಎದೆಯ ಕಡೆ ಚೌಕವಾಗುತ್ತದೆ, ಮೇಲಿನಿಂದ ನೋಡಿದರೆ ಎರಡೂ ಪಕ್ಕ ಉಬ್ಬಿರುತ್ತದೆ. ಆಮೇಲೆ ಅದು ಗುಂಪು ಬಿಟ್ಟು ಹೀಟರಿನ ಹಿಂದೆಯೋ ಗಿಡದ ಸಂದಿಯಲ್ಲೋ ನಿಲ್ಲಲು ಶುರುಮಾಡುತ್ತದೆ, ಗಂಡು ಹತ್ತಿರ ಬಂದರೆ ಓಡಿಸುತ್ತದೆ. ಒಂದು ತಿಂಗಳು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ಗಂಡು ಮೀನೇ ಇಲ್ಲದ ಟ್ಯಾಂಕಿನಲ್ಲಿ ಮರಿ ಕಂಡರೂ ಆಶ್ಚರ್ಯ ಬೇಡ. ಒಂದು ಸಲ ಕೂಡಿದರೆ ಹೆಣ್ಣು ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಮೈಯಲ್ಲೇ ಇಟ್ಟುಕೊಂಡು ಹಲವು ಸಲ ಮರಿ ಹಾಕಬಲ್ಲದು.

ತಾಯಿಯನ್ನು ಹಿಡಿದು ಆ ಚಿಕ್ಕ ಬ್ರೀಡಿಂಗ್ ಬಾಕ್ಸಿನಲ್ಲಿ ಕೂಡಿಹಾಕುವುದು ನನಗೆ ಇಷ್ಟವಿಲ್ಲ. ಕೈಯಗಲದ ಜಾಗದಲ್ಲಿ ತುಂಬು ಬಸುರಿ ಮೀನು ಗೋಡೆಗೆ ಮುಖ ಬಡಿಯುತ್ತಾ ಇರುವುದನ್ನು ನೋಡಿದರೆ ಸಂಕಟವಾಗುತ್ತದೆ. ಗಾಬರಿಯಲ್ಲಿ ದಿನ ತುಂಬದ ಮರಿ ಹಾಕುವುದೂ ಉಂಟು. ಅದರ ಬದಲು ದೊಡ್ಡ ಟ್ಯಾಂಕಿನ ಒಂದು ಮೂಲೆಯಲ್ಲಿ ಗಿಡ ಒತ್ತಾಗಿ ತುಂಬಿಸಿದೆ, ಫಿಲ್ಟರ್ ನೀರು ಎಳೆಯುವ ಬಾಯಿಗೆ ಸ್ಪಾಂಜ್ ಕಟ್ಟಿದೆ, ತಾಯಿಗೆ ಹೊಟ್ಟೆ ತುಂಬ ಊಟ ಹಾಕುತ್ತಾ ಬಂದೆ. ಹೊಟ್ಟೆ ತುಂಬಿದ ತಾಯಿ ಮರಿಗಳನ್ನು ಅಷ್ಟಾಗಿ ಅಟ್ಟಿಸಿಕೊಂಡು ಹೋಗುವುದಿಲ್ಲ.

ಮರಿಗಳು ಬಂದಿದ್ದು ಬೆಳಗಿನ ಜಾವ. ಲೈಟ್ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿದರೆ ಹಾರ್ನ್‌ವರ್ಟ್ ಸಂದಿಯಲ್ಲಿ ಕಪ್ಪು ಗೀಟುಗಳು. ಒಂದಿಷ್ಟು ಇನ್ನೂ ತಳದಲ್ಲೇ ಇದ್ದವು. ಹುಟ್ಟಿದ ಮರಿ ಮೊದಲು ತಳಕ್ಕೆ ಇಳಿದು ಸುಧಾರಿಸಿಕೊಂಡು, ಆಮೇಲೆ ಮೇಲಕ್ಕೆ ಬಂದು ನೀರಿನ ಮಟ್ಟದಲ್ಲಿ ಗಾಳಿ ನುಂಗುತ್ತದೆ. ಆ ಗಾಳಿಯಿಂದಲೇ ಒಳಗಿನ ಗಾಳಿಚೀಲ ತುಂಬಿ ಮೈ ತೇಲುವುದು. ತಳದಲ್ಲಿರುವುದನ್ನು ಸತ್ತಿದೆ ಅಂದುಕೊಂಡು ಕದಡಬಾರದು. ಮೇಲೆ ಬಂದವನ್ನು ಮೊದಲು ಎತ್ತುವುದು, ಉಳಿದವಕ್ಕೆ ಸಮಯ ಕೊಡುವುದು.

ಎತ್ತುವುದಕ್ಕೆ ಬಲೆ ಮುಟ್ಟುವುದಿಲ್ಲ. ಬಲೆಯ ಎಳೆಗೆ ರೆಕ್ಕೆ ಸಿಕ್ಕುತ್ತದೆ, ನೀರಿನಿಂದ ಹೊರಗೆ ಬಂದ ಕ್ಷಣ ಮರಿ ತನ್ನ ಭಾರಕ್ಕೇ ಬಟ್ಟೆಗೆ ಅಂಟಿಕೊಳ್ಳುತ್ತದೆ. ಶಿವಾಜಿನಗರದಲ್ಲಿ ನಾನು ಮೀನು ತರುವ ಅಂಗಡಿಯವರು ಹಿಂದೆಯೇ ಹೇಳಿದ್ದರು, “ನೆಟ್ ಎತ್ತಿಡಿ ಸಾರ್. ಮರಿಗೆ ನೀರು ಬಿಟ್ಟು ಹೋಗೋದೇ ಗೊತ್ತಾಗಬಾರದು.” ಅವರು ಬಳಸುವುದು ಬಿಳಿ ಪ್ಲಾಸ್ಟಿಕ್ ಲೋಟ. ನಾನು ಲೋಟದ ಜೊತೆ ಒಂದು ಹೊಸ ಸೌಟನ್ನೂ ಇಟ್ಟುಕೊಂಡೆ.

ಮೊದಲು ಏರ್, ಫಿಲ್ಟರ್ ಎರಡೂ ಆಫ್. ನೀರು ನಿಂತ ಮೇಲೆ ಮರಿಗಳು ತಾವಾಗಿ ಗಾಜಿನ ಅಂಚಿಗೆ, ಮೇಲ್ಮಟ್ಟಕ್ಕೆ ಬರುತ್ತವೆ. ಲೋಟವನ್ನು ಓರೆಯಾಗಿ ಹಿಡಿದು ಅಂಚು ನೀರಿನ ಮಟ್ಟಕ್ಕೆ ಸಮ ಬರುವ ಹಾಗೆ ನಿಧಾನವಾಗಿ ಇಳಿಸಬೇಕು. ಮರಿ ಅಂಚಿನ ಹತ್ತಿರ ಬಂದಾಗ ಇನ್ನೊಂದು ಕೂದಲೆಳೆಯಷ್ಟು ಒತ್ತಿದರೆ ನೀರು ಒಳಗೆ ಜಾರುತ್ತದೆ, ಅದರ ಜೊತೆ ಮರಿಯೂ ಬರುತ್ತದೆ. ಹಿಂದಿನಿಂದ ಓಡಿಸಿದರೆ ಚಿಮ್ಮಿ ಹೋಗುತ್ತದೆ. ಲೋಟವನ್ನು ಅದರ ಮುಂದೆ ಇಟ್ಟು ಕಾಯಬೇಕು. ಇನ್ನೊಂದು ಕೈಯಲ್ಲಿ ಸೌಟನ್ನು ಹಿಂದೆ ಸುಮ್ನೆ ಹಿಡಿದಿದ್ದರೆ ಸಾಕು, ಮರಿ ಅದರ ನೆರಳಿಗೆ ಹೆದರಿ ಲೋಟದ ಕಡೆ ತಿರುಗುತ್ತದೆ. ಬಿಳಿ ಲೋಟದಲ್ಲಿ ಕಪ್ಪು ಮರಿ ಸ್ಪಷ್ಟವಾಗಿ ಕಾಣುತ್ತದೆ. ಬೆನ್ನು ನೆಟ್ಟಗಿದೆಯಾ, ಹೊಟ್ಟೆಯ ಕೆಳಗೆ ಹಳದಿ ಚೀಲ ಇನ್ನೂ ಉಳಿದಿದೆಯಾ ಎಲ್ಲ ಅಲ್ಲೇ ನೋಡಿಬಿಡಬಹುದು. ಹಳದಿ ಚೀಲ ಇದ್ದರೆ ಅದು ಬೇಗ ಹುಟ್ಟಿದ ಮರಿ, ಚೀಲ ಕರಗುವವರೆಗೆ ಏನೂ ತಿನ್ನುವುದಿಲ್ಲ. ಇಂಥವು ಎರಡು ಸಿಕ್ಕವು. ಒಂದು ಉಳಿಯಿತು.

ಡಬ್ಬದಲ್ಲಿ ಆಗಲೇ ದೊಡ್ಡ ಟ್ಯಾಂಕಿನ ನೀರೇ ತುಂಬಿತ್ತು. ಹಿಂದಿನ ದಿನ ಏರ್ ಪೈಪಿನಲ್ಲಿ ಎಳೆದು ತುಂಬಿಸಿ, ಹಳೆ ಸ್ಪಾಂಜ್ ಕೂರಿಸಿ, ಹೀಟರ್ ಹಾಕಿ ಇಟ್ಟಿದ್ದೆ. ಎರಡು ಕಡೆಯ ಶಾಖವೂ ಒಂದೇ, ಗಡಸುತನವೂ ಒಂದೇ. ಲೋಟವನ್ನು ನೀರಿನೊಳಗೆ ಅದ್ದಿ ಬಗ್ಗಿಸಿದರೆ ಮರಿ ಈಜುತ್ತಾ ಹೊರಗೆ ಹೋಗುತ್ತದೆ, ಬೇರೇನೂ ಮಾಡಬೇಕಿಲ್ಲ. ಬೇರೆ ನೀರಿಗೆ ಬಿಡುವುದಾದರೆ ಮಾತ್ರ ಹನಿ ಹನಿಯಾಗಿ ಬೆರೆಸಬೇಕು. ಏರ್ ಪೈಪಿಗೆ ಸಡಿಲ ಗಂಟು ಹಾಕಿ, ಸೆಕೆಂಡಿಗೆ ಎರಡು ಮೂರು ಹನಿ ಬೀಳುವ ಹಾಗೆ ಬಿಗಿ ಮಾಡಿ, ಪಾತ್ರೆಯ ನೀರು ಎರಡರಷ್ಟು ಆಗುವವರೆಗೆ ಕಾಯಬೇಕು. ದೊಡ್ಡ ಟ್ಯಾಂಕಿನ ನೀರು ಮನೆಯಲ್ಲೇ ಇರುವಾಗ ಈ ಸುತ್ತು ಯಾಕೆ, ಅಲ್ವಾ?

ಮೊದಲ ದಿನ ಸಂಜೆ ತಿಂಡಿ. ಮೋಲಿ ಮರಿಯ ಬಾಯಿ ದೊಡ್ಡದು, ಮೀನಿಗೆ ಹಾಕುವ ಸಾಮಾನ್ಯ ಒಣ ಫ್ಲೇಕ್ಸನ್ನು ಎರಡು ಬೆರಳಲ್ಲಿ ಉಜ್ಜಿ ಹುಡಿ ಮಾಡಿ ಹಾಕಿದರೂ ತಿನ್ನುತ್ತದೆ. ಆದರೆ ಮೈ ತುಂಬಿಕೊಂಡು ಬೆಳೆಯಬೇಕೆಂದರೆ ಆಗತಾನೆ ಹುಟ್ಟಿದ ಆರ್ಟೀಮಿಯಾಕ್ಕೆ ಸಮನಾದದ್ದು ನನಗೆ ಸಿಕ್ಕಿಲ್ಲ. ಉಪ್ಪು ನೀರಿನ ಕೆರೆಗಳಲ್ಲಿ ಬೆಳೆಯುವ ಸಣ್ಣ ಸೀಗಡಿ ಜಾತಿಯ ಜೀವಿ ಅದು. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್‌ನಲ್ಲಿ ಅದರ ಒಣ ಮೊಟ್ಟೆಯನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿ ಮಾರುತ್ತಾರೆ. ನಮ್ಮ ಅಂಗಡಿಗಳಲ್ಲಿ ಚಿಕ್ಕ ಡಬ್ಬಿಗಳಲ್ಲಿ ಸಿಗುತ್ತದೆ. ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ, ತೇವ ತಗುಲಿದರೆ ಮರಿಯಾಗುವುದಿಲ್ಲ.

ಆ ಮೊಟ್ಟೆಯನ್ನು ಮರಿ ಮಾಡಿಸುವ ಯಂತ್ರ ಅಂದರೆ ಒಂದು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ. ತಳ ಕತ್ತರಿಸಿ, ತಲೆಕೆಳಗಾಗಿ ಸ್ಟ್ಯಾಂಡಿಗೆ ಕಟ್ಟಿದೆ. ಮುಚ್ಚಳಕ್ಕೆ ತೂತು ಹಾಕಿ ಏರ್ ಪೈಪ್ ತೂರಿಸಿ ಸಿಲಿಕೋನ್ ಹಚ್ಚಿದೆ. ಕತ್ತರಿಸಿದ ಬಾಟಲಿಯಲ್ಲಿ ಹಿಡಿಯುವಷ್ಟು ನೀರು, ಲೀಟರಿಗೆ 25 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು, ಒಂದು ಚಿಟಿಕೆ ಅಡುಗೆ ಸೋಡಾ, ಕಾಲು ಚಮಚ ಮೊಟ್ಟೆ. ಗಾಳಿ ಜೋರಾಗಿ ಬಿಡಬೇಕು, ಮೊಟ್ಟೆ ಎಲ್ಲೂ ನಿಲ್ಲಬಾರದು. ಲೈಟ್ ಹತ್ತಿರ, 26-28 ಡಿಗ್ರಿ ಶಾಖದಲ್ಲಿಟ್ಟರೆ 24ರಿಂದ 36 ಗಂಟೆಯಲ್ಲಿ ಕಂದು ನೀರು ಕೇಸರಿ ದಳ ನೆನೆಸಿದ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆಗ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಬೇಕು. ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕೆ ಕೂರುತ್ತದೆ, ಜೀವ ಇರುವುದು ಬೆಳಕಿನ ಕಡೆ ಓಡುತ್ತದೆ. ಕೆಳಗಡೆ ಟಾರ್ಚ್ ಹಿಡಿದರೆ ಕೇಸರಿ ಮೋಡದಂತೆ ಒಂದೇ ಕಡೆ ಗುಂಪಾಗುತ್ತವೆ. ತಳದ ಮೊಟ್ಟೆಯನ್ನು ಮೊದಲು ಸ್ವಲ್ಪ ಹೊರಗೆ ಬಿಟ್ಟು, ಆಮೇಲೆ ಮೋಡವನ್ನು ತೆಳು ಬಟ್ಟೆಯ ಮೇಲೆ ಇಳಿಸಿ, ಸಿಹಿ ನೀರಿನಲ್ಲಿ ಉಪ್ಪು ತೊಳೆದು, ಡ್ರಾಪರಿನಲ್ಲಿ ಡಬ್ಬಕ್ಕೆ. ಚಿಪ್ಪು ಹೋಗದಂತೆ ನೋಡಿಕೊಳ್ಳಿ, ಮರಿಗಳಿಗೆ ಅದು ಜೀರ್ಣವಾಗುವುದಿಲ್ಲ. ಆರ್ಟೀಮಿಯಾ ಹುಟ್ಟಿದ ಮೊದಲ ಕೆಲವು ಗಂಟೆಯಲ್ಲೇ ಅದನ್ನು ಮರಿಗಳಿಗೆ ತಿನ್ನಿಸಬೇಕು. ಹೊತ್ತು ಹೋದಷ್ಟೂ ಅದು ತನ್ನ ಮೈಯ ಸತ್ವವನ್ನೇ ಖರ್ಚು ಮಾಡಿಕೊಳ್ಳುತ್ತದೆ.

ಕೇಸರಿ ಬಣ್ಣದ್ದನ್ನು ತಿಂದ ಕಪ್ಪು ಮರಿಯ ಹೊಟ್ಟೆ ಬೆಳಕಿಗೆ ಹಿಡಿದಂತೆ ನೋಡಿದರೆ ಉಬ್ಬಿ ಕಂದುಗೆಂಪಾಗಿ ಕಾಣುತ್ತದೆ. ಅಷ್ಟಾದರೆ ಸಾಕು, ಮುಂದಿನ ಸಲಕ್ಕೆ ಬಿಡಿ. ದಿನಕ್ಕೆ ನಾಲ್ಕು ಸಲ, ಒಂದೊಂದು ಸಲವೂ ಕೆಲವೇ ನಿಮಿಷದಲ್ಲಿ ಮುಗಿಯುವಷ್ಟು. ಆರ್ಟೀಮಿಯಾ ಸಿಹಿ ನೀರಿನಲ್ಲಿ ಕೆಲವು ಗಂಟೆ ಮಾತ್ರ ಬದುಕುತ್ತದೆ, ಆಮೇಲೆ ಸತ್ತು ಕೊಳೆಯುತ್ತದೆ. ಬೇಯಿಸಿದ ಮೊಟ್ಟೆಯ ಹಳದಿ ಕೊಡಿ ಅಂತ ಹಿರಿಯರು ಹೇಳುತ್ತಾರೆ. ಬಟ್ಟೆಯಲ್ಲಿ ಹಿಂಡಿ ಒಂದೇ ಹನಿ ಕೊಟ್ಟರೂ ನೀರು ಹಾಲಿನಂತೆ ಕದಡುತ್ತದೆ. ಇಷ್ಟು ಚಿಕ್ಕ ಡಬ್ಬಕ್ಕೆ ಅದು ಬೇಡವೇ ಬೇಡ.

ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಕಿಟ್‌ನಲ್ಲಿ ಸೊನ್ನೆ ಇರಬೇಕಿದ್ದ ಅಮೋನಿಯಾ 0.25 ತೋರಿಸಿತು. ಹಿಂದಿನ ರಾತ್ರಿ ಕರೆಂಟ್ ಬಹಳ ಹೊತ್ತು ಹೋಗಿತ್ತು. ಗಾಳಿ ನಿಂತರೆ ಸ್ಪಾಂಜ್ ಒಳಗಿನ ಬ್ಯಾಕ್ಟೀರಿಯಾಕ್ಕೂ ಉಸಿರಿಲ್ಲ. ಮೂರರಲ್ಲಿ ಒಂದು ಪಾಲು ನೀರು ಬದಲಿಸಿ, ಅವತ್ತು ಊಟವನ್ನು ಅರ್ಧಕ್ಕೆ ಇಳಿಸಿದೆ. ಮಾರನೇ ದಿನ ಸೊನ್ನೆಗೆ ಬಂತು. ಒಂದು ಮರಿಯೂ ಹೋಗಲಿಲ್ಲ. ಅವತ್ತೇ ಬ್ಯಾಟರಿ ಏರ್ ಪಂಪ್ ತಂದಿಟ್ಟೆ, ಕರೆಂಟ್ ಹೋದ ಕೂಡಲೇ ಅದು ತಾನಾಗಿ ಶುರುವಾಗುತ್ತದೆ.

ದಿನವೂ ಐದರಲ್ಲಿ ಒಂದು ಪಾಲು ನೀರು ಬದಲಾವಣೆ, ತಪ್ಪಿಸುವಂತಿಲ್ಲ. ಏರ್ ಪೈಪಿನಲ್ಲೇ ತಳದ ಕಸ ಎಳೆಯುವುದು, ಅದರ ಬಾಯಿಗೆ ಹಳೆ ಸ್ಟಾಕಿಂಗ್ಸ್ ತುಂಡು ಕಟ್ಟಿದರೆ ಸಣ್ಣ ಕಸ ಮಾತ್ರ ಬರುತ್ತದೆ. ದೊಡ್ಡ ಕಸ ಎಳೆಯಬೇಕೆಂದರೆ ಬಟ್ಟೆ ಬಿಚ್ಚಿ, ನೀರನ್ನು ಬಿಳಿ ಬಕೆಟ್ಟಿಗೆ ಬಿಡಿ. ಜಾರಿ ಬಂದ ಮರಿ ಅದರಲ್ಲಿ ಕಾಣುತ್ತದೆ, ಲೋಟದಲ್ಲಿ ಎತ್ತಿ ವಾಪಸ್ ಹಾಕಬಹುದು. ಹೊಸ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ತುಂಬಿ ಆಂಟಿ ಕ್ಲೋರಿನ್ ಹಾಕಿ ಇಡುತ್ತೇನೆ. ಹಾಕುವಾಗ ಸುರಿಯಬಾರದು. ಬಕೆಟ್ಟನ್ನು ಎತ್ತರದಲ್ಲಿಟ್ಟು ಅದೇ ಏರ್ ಪೈಪಿನಲ್ಲಿ ಇಳಿಸಿದರೆ ಮರಿಗಳು ಆ ಸಣ್ಣ ಧಾರೆಗೆ ಎದುರಾಗಿ ಸಾಲುಗಟ್ಟಿ ಈಜುತ್ತವೆ.

ಮೂರನೇ ವಾರದಲ್ಲಿ ಗೋಡೆಯ ಮೇಲೆ ಬಿಳಿ ದಾರದ ಚೂರುಗಳು ಕಂಡವು. ಮುಟ್ಟಿದರೆ ಮುದುಡುತ್ತಿದ್ದವು. ಹೈಡ್ರಾ, ನೀರಿನಲ್ಲಿ ಬೆಳೆಯುವ ಸಣ್ಣ ಜೀವಿ. ಗಿಡದ ಜೊತೆ ಬಂದು, ಆರ್ಟೀಮಿಯಾ ತಿಂದು ಹೆಚ್ಚುತ್ತದೆ. ಅದರ ಎಳೆಗಳು ಕುಟುಕುತ್ತವೆ, ತೀರಾ ಸಣ್ಣ ಮರಿಯನ್ನು ಹಿಡಿದೂ ಬಿಡುತ್ತವೆ. ನಮ್ಮ ಮರಿಗಳು ಅಷ್ಟರಲ್ಲಿ ಅದರ ಕೈಗೆ ಸಿಗದಷ್ಟು ಬೆಳೆದಿದ್ದವು. ಔಷಧ ಹಾಕಲಿಲ್ಲ. ಹಳೆ ಏಟಿಎಂ ಕಾರ್ಡಿನಲ್ಲಿ ಗೋಡೆ ಕೆರೆದು ಪೈಪಿನಲ್ಲಿ ಎಳೆದು ತೆಗೆದೆ, ಆರ್ಟೀಮಿಯಾ ಕಡಿಮೆ ಮಾಡಿ ಫ್ಲೇಕ್ಸ್ ಹುಡಿ, ಬೇಯಿಸಿದ ಪಾಲಕ್ ಸೊಪ್ಪಿನ ಚೂರು ಕೊಟ್ಟೆ. ಕೆಲವು ದಿನದಲ್ಲಿ ಹೈಡ್ರಾ ಕಾಣದಾಯಿತು. ಪಾಲಕ್ ಎಲೆಯನ್ನು ಮರಿಗಳು ನರ ಮಾತ್ರ ಬಿಟ್ಟು ಕೆರೆದು ಮುಗಿಸುತ್ತವೆ. ಉಳಿದ ನರವನ್ನು ಸಂಜೆಗೆ ತೆಗೆದುಬಿಡಬೇಕು.

ಎರಡು ತಿಂಗಳ ಹತ್ತಿರ ಬಂದಾಗ ದೊಡ್ಡವು ಎರಡೂವರೆ ಸೆಂಟಿಮೀಟರ್ ಮುಟ್ಟಿದ್ದವು. ದೊಡ್ಡ ಟ್ಯಾಂಕಿಗೆ ಬಿಡುವುದಕ್ಕೆ ನನ್ನ ಅಳತೆ ಒಂದೇ. ಅಲ್ಲಿರುವ ಅತಿ ದೊಡ್ಡ ಮೀನಿನ ಬಾಯಿಗೆ ಹಿಡಿಸಬಾರದು. ಗಂಡು ಹೆಣ್ಣು ಗುರುತಿಸುವುದು ಬ್ಲ್ಯಾಕ್ ಮೋಲಿಯಲ್ಲಿ ತಾಳ್ಮೆಯ ಕೆಲಸ. ಹೊಟ್ಟೆಯ ಕೆಳಗೆ ಹಿಂಬದಿಯ ರೆಕ್ಕೆ ಹೆಣ್ಣಿನಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತದೆ, ಗಂಡಿನಲ್ಲಿ ಚೂಪಾದ ಕಡ್ಡಿಯಾಗುತ್ತದೆ. ಕಪ್ಪಿನ ಮೇಲೆ ಕಪ್ಪು ಕಾಣುವುದಿಲ್ಲ. ಡಬ್ಬದ ಹಿಂದೆ ಬಿಳಿ ಹಾಳೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ತಿಳಿಯುತ್ತದೆ. ಕಡ್ಡಿ ಕಂಡವನ್ನು ಕೂಡಲೇ ಬೇರೆ ಮಾಡಿದೆ, ಇಲ್ಲದಿದ್ದರೆ ತಂಗಿಯರನ್ನೇ ಬೆನ್ನಟ್ಟುತ್ತವೆ.

ಎಲ್ಲವನ್ನೂ ಇಟ್ಟುಕೊಳ್ಳಲು ಜಾಗ ಇರುವುದಿಲ್ಲ. ಕೆರೆಗೆ ಬಿಡುವ ಮಾತನ್ನು ಮಾತ್ರ ಯಾರೂ ಆಡಬೇಡಿ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಗಪ್ಪಿ ಬಿಡುವುದು ಬೇರೆ. ನಾವು ಮನಸ್ಸಿಗೆ ಬಂದಂತೆ ಬಿಡುವುದು ಬೇರೆ. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ದೇಶದ ಎಷ್ಟೋ ಕೆರೆ, ನದಿಗಳನ್ನು ಸೇರಿಕೊಂಡು ಬಲೆ ಹರಿಯುತ್ತಾ ಮೀನುಗಾರರನ್ನು ಗೋಳಾಡಿಸುತ್ತಿದೆ. ನಾನು ಪಕ್ಕದ ಬೀದಿಯ ಇಬ್ಬರಿಗೆ, ಶಿವಾಜಿನಗರದ ಆ ಅಂಗಡಿಯವರಿಗೆ ಹಂಚಿದೆ. ಕೊಡುವ ಹಿಂದಿನ ದಿನ ಊಟ ಹಾಕಲಿಲ್ಲ, ಕವರಿನಲ್ಲಿ ನೀರು ಕೆಡಬಾರದು. ಕವರಿನಲ್ಲಿ ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಗಾಳಿ. ಜೊತೆಗೆ ಒಬ್ಬೊಬ್ಬರಿಗೂ ಎರಡು ಲೀಟರ್ ನಮ್ಮ ಟ್ಯಾಂಕಿನ ನೀರು ಕ್ಯಾನಿನಲ್ಲಿ ತುಂಬಿ ಕೊಟ್ಟೆ, ಅವರ ನೀರಿಗೆ ಅದನ್ನು ಹೇಗೆ ಬೆರೆಸಬೇಕು ಅಂತ ಬರೆದ ಚೀಟಿಯನ್ನೂ ಅಂಟಿಸಿದೆ. ಪಕ್ಕದ ಬೀದಿಯವರ ಮನೆಯಲ್ಲಿ ಬರೀ ಕಾವೇರಿ ನೀರು, ನಮ್ಮದಕ್ಕಿಂತ ಮೆದು. ಅವರಿಗೆ ಇಡೀ ಒಂದು ಸಂಜೆ ತೆಗೆದುಕೊಂಡು ನಿಧಾನವಾಗಿ ಹನಿಸಿ ಅಂತ ಹೇಳಿದ್ದೇನೆ.